ಸಂಬಳದ ಬೌಲರ್

ಕಳೆದ ವರ್ಷ ಕ್ರಿಕೆಟ್ ಚರಿತ್ರೆಯ ಕುರಿತ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೆ. ‘ಪ್ರೊಫೆಷನಲ್’ ಎಂಬ ಪದ ಬಂದಲ್ಲೆಲ್ಲ ಹೆಚ್ಚು ಯೋಚಿಸದೆ ‘ವೃತ್ತಿಪರ’ ಎಂದು ಬರೆದುಕೊಂಡು ಹೋದೆ. ಕರಡನ್ನು ಮತ್ತೆ ಓದಿದಾಗ ಅರ್ಥವೇ ತಿರುಗಿಬಿದ್ದಿತ್ತು. ಇಂದಿನ ಕನ್ನಡದಲ್ಲಿ ‘ವೃತ್ತಿಪರ’ ಎಂದರೆ ಹೊಗಳಿಕೆ. ನೂರಿಪ್ಪತ್ತು ವರ್ಷಗಳ ಹಿಂದಿನ ಕ್ರಿಕೆಟಿನಲ್ಲಿ ಅದು ಹೊಗಳಿಕೆಯಾಗಿರಲಿಲ್ಲ. ದುಡ್ಡಿಗೆ ಆಡುವವನು, ಆಳು ಎಂಬ ಧ್ವನಿ ಅದಕ್ಕಿತ್ತು.

ಇಂಗ್ಲೆಂಡಿನಲ್ಲಿ ಹಣ ಪಡೆಯದೆ ಆಡುವ ಉಳ್ಳವರನ್ನು ‘ಜಂಟಲ್‌ಮೆನ್’ ಎಂದೂ ಹಣಕ್ಕೆ ಆಡುವವರನ್ನು ‘ಪ್ಲೇಯರ್ಸ್’ ಎಂದೂ ಕರೆಯುತ್ತಿದ್ದರು. ಹಲವು ಮೈದಾನಗಳಲ್ಲಿ ಇಬ್ಬರಿಗೂ ಬೇರೆ ಬೇರೆ ಗೇಟು, ಬೇರೆ ಬೇರೆ ಕೋಣೆ. ದಿನವಿಡೀ ಬೌಲಿಂಗ್ ಮಾಡುವ ದಣಿವಿನ ಕೆಲಸ ಹೆಚ್ಚಾಗಿ ಸಂಬಳದವರ ಪಾಲಿಗೆ ಬರುತ್ತಿತ್ತು. ನಾಯಕತ್ವ ಮಾತ್ರ ಜಂಟಲ್‌ಮನ್‌ನದು. ಇಪ್ಪತ್ತನೇ ಶತಮಾನದಲ್ಲಿ ಇಂಗ್ಲೆಂಡ್ ಟೆಸ್ಟ್ ತಂಡಕ್ಕೆ ಸಂಬಳದ ಆಟಗಾರನೊಬ್ಬನನ್ನು ನಾಯಕನನ್ನಾಗಿ ನೇಮಿಸಿದ್ದು 1952ರಲ್ಲಿ, ಲೆನ್ ಹಟನ್ ಅವರನ್ನು.

ಅಲ್ಲಿ ವರ್ಗದ ಬೀಗ. ಇಲ್ಲಿ ಅದರ ಮೇಲೆ ಇನ್ನೊಂದು ಬೀಗವಿತ್ತು. ಎರಡನ್ನೂ ಎದುರಿಸಿದವರು ಬಾಳೂ ಪಾಲವಣಕರ್.

ಬಾಳೂ ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಹಾಗೆಂದು ಅವರನ್ನು ಕನ್ನಡಿಗರ ಪಟ್ಟಿಗೆ ಸೇರಿಸುವ ಅವಸರ ನನಗಿಲ್ಲ. ಅವರದು ಮರಾಠಿ ಮಾತಾಡುವ ಚಮ್ಮಾರ ಕುಟುಂಬ, ಬೆಳೆದದ್ದು ಪುಣೆಯಲ್ಲಿ. ಹದಿಹರೆಯದಲ್ಲಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬೊಂದರಲ್ಲಿ ಪಿಚ್ ಗುಡಿಸುವ, ಉರುಳುಗಲ್ಲು ಎಳೆಯುವ ಕೆಲಸಕ್ಕೆ ಸೇರಿದರು. ಸಂಬಳ ತಿಂಗಳಿಗೆ 3 ರೂಪಾಯಿ. ಮುಂದೆ ಯುರೋಪಿಯನ್ನರ ಪೂನಾ ಜಿಮ್ಖಾನಾಕ್ಕೆ ಹೋದಾಗ ಅದು 4 ರೂಪಾಯಿ ಆಯಿತು. ನೆಟ್ಸ್‌ನಲ್ಲಿ ಸಾಹೇಬರಿಗೆ ಬೌಲಿಂಗ್ ಮಾಡುವುದೂ ಅಲ್ಲಿ ಕೆಲಸದ ಭಾಗ. ಆ ಕಾಲದ ಹೆಸರಾಂತ ಬ್ಯಾಟ್ಸ್‌ಮನ್ ಜೆ. ಜಿ. ಗ್ರೇಗ್ ತನ್ನನ್ನು ಔಟ್ ಮಾಡಿದಾಗಲೆಲ್ಲ ಬಾಳೂಗೆ ಎಂಟಾಣೆ ಕೊಡುತ್ತಿದ್ದರು ಎಂಬ ಕತೆಯಿದೆ. ಕತೆಯೇ ಇರಬಹುದು. ಆದರೆ ಬಾಳೂ ಅವರ ನಿಧಾನಗತಿಯ ಎಡಗೈ ಸ್ಪಿನ್ ಪಳಗಿದ್ದು ಈ ಗಂಟೆಗಟ್ಟಲೆ ದುಡಿಮೆಯಲ್ಲಿ. ಬ್ಯಾಟ್ ಹಿಡಿಯುವ ಅವಕಾಶ ಮಾತ್ರ ಅಲ್ಲಿ ಅವರಿಗೆ ಸಿಗುತ್ತಿರಲಿಲ್ಲ.

ಪುಣೆಯ ಹಿಂದೂ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸಲು ಈ ಬೌಲರ್ ಬೇಕಾದರು. ಸೇರಿಸಿಕೊಂಡರು. ಅಂಗಣದಲ್ಲಿ ಒಂದೇ ಚೆಂಡು ಬ್ರಾಹ್ಮಣರ ಕೈಯಿಂದ ಬಾಳೂ ಕೈಗೆ, ಬಾಳೂ ಕೈಯಿಂದ ಬ್ರಾಹ್ಮಣರ ಕೈಗೆ ದಾಟುತ್ತಿತ್ತು, ಯಾರಿಗೂ ಮೈಲಿಗೆಯಾಗಲಿಲ್ಲ. ಚಹಾ ವಿರಾಮದಲ್ಲಿ ಉಳಿದವರು ಪೆವಿಲಿಯನ್ನಿನ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ, ಬಾಳೂಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ. ಕುಡಿದ ಮೇಲೆ ಅದನ್ನು ಎಸೆದುಬಿಡಬಹುದಲ್ಲ! ಊಟಕ್ಕೂ ಬೇರೆ ತಟ್ಟೆ, ಬೇರೆ ಮೇಜು.

ಹತ್ತೊಂಬತ್ತನೇ ಶತಮಾನ ಮುಗಿಯುತ್ತಿದ್ದಂತೆ ಬಾಳೂ ಮುಂಬಯಿಗೆ ಬಂದರು. ಬಿಬಿಸಿಐ ರೈಲ್ವೆಯಲ್ಲಿ ನೌಕರಿ ಸಿಕ್ಕಿತು. ಕೆಲವು ಸದಸ್ಯರ ವಿರೋಧವಿದ್ದರೂ ಹಿಂದೂ ಜಿಮ್ಖಾನಾ ಅವರನ್ನು ತಂಡಕ್ಕೆ ತೆಗೆದುಕೊಂಡಿತು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿತು. ಎರಡು ಇನಿಂಗ್ಸ್‌ಗಳಲ್ಲಿ ಬಾಳೂ ಕಿತ್ತದ್ದು 8 ವಿಕೆಟ್. ಅವರ ತಮ್ಮ ಶಿವರಾಮ್ ಕೂಡ ಆ ತಂಡದಲ್ಲಿದ್ದರು. ಇನ್ನಿಬ್ಬರು ತಮ್ಮಂದಿರು, ಗಣಪತ್ ಮತ್ತು ವಿಠ್ಠಲ್, ಆಮೇಲೆ ಬಂದರು.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. 35 ವರ್ಷದ ಬಾಳೂ ಮಾತ್ರ ಆ ಬೇಸಿಗೆಯಲ್ಲಿ 114 ವಿಕೆಟ್ ಪಡೆದರು. ಹಿಂತಿರುಗಿದಾಗ ಮುಂಬಯಿಯ ದಲಿತರು ಅವರಿಗೆ ಸನ್ಮಾನ ಮಾಡಿದರು. ಅಲ್ಲಿ ಸ್ವಾಗತದ ಮಾನಪತ್ರ ಅರ್ಪಿಸಿದವರು ಇಪ್ಪತ್ತರ ತರುಣ ಭೀಮರಾವ್ ಅಂಬೇಡ್ಕರ್ ಎಂದು ಇತಿಹಾಸಕಾರ ರಾಮಚಂದ್ರ ಗುಹಾ ದಾಖಲಿಸಿದ್ದಾರೆ.

ಇಷ್ಟಾದ ಮೇಲೆ ನಾಯಕತ್ವ ಅವರಿಗಲ್ಲದೆ ಇನ್ನಾರಿಗೆ ಎಂದು ನೀವು ಕೇಳಬಹುದು. ಹಿಂದೂ ತಂಡದ ನಾಯಕರಾಗಿದ್ದ ಎಂ. ಡಿ. ಪೈ ಅವರೇ, ಆ ಗೌರವ ಬಾಳೂಗೆ ಸಲ್ಲಬೇಕಿತ್ತು ಎಂದು ಸಭೆಯಲ್ಲಿ ಹೇಳಿದ್ದರು. ವರ್ಷಗಳು ಉರುಳಿದವು, ಅದು ಸಲ್ಲಲಿಲ್ಲ. 1920ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟರು. ಪೈ ಮೊದಲ ಪಂದ್ಯಕ್ಕೆ ಲಭ್ಯರಿಲ್ಲದಾಗ ನಾಯಕತ್ವ ಹೋದದ್ದು ಡಿ. ಬಿ. ದೇವಧರ್ ಅವರಿಗೆ. ಶಿವರಾಮ್ ಮತ್ತು ವಿಠ್ಠಲ್ ಇದು ಜಾತಿಯ ಲೆಕ್ಕಾಚಾರವೆಂದು ಬಹಿರಂಗವಾಗಿ ಪ್ರತಿಭಟಿಸಿ ತಂಡದಿಂದ ಹೊರಬಂದರು. ಕೊನೆಗೆ ರಾಜಿಯಾಯಿತು: ಮುಂದಿನ ಪಂದ್ಯಕ್ಕೆ ಪೈ ನಾಯಕ, ಬಾಳೂ ಉಪನಾಯಕ. ಆಟದ ನಡುವೆ ಪೈ ಕೆಲಹೊತ್ತು ಅಂಗಣದಿಂದ ಹೊರಗುಳಿದು ತಂಡವನ್ನು ಬಾಳೂ ಕೈಗೆ ಬಿಟ್ಟರು. 44ನೇ ವಯಸ್ಸಿನಲ್ಲಿ ಅವರಿಗೆ ದಕ್ಕಿದ ನಾಯಕತ್ವ ಅಷ್ಟು.

ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು. 1923ರಲ್ಲಿ ವಿಠ್ಠಲ್ ನಾಯಕರಾದರು, ತಂಡ ಯುರೋಪಿಯನ್ನರನ್ನು ಮಣಿಸಿ ಗೆದ್ದಿತು.

ಬಾಳೂ ಆಮೇಲೆ ರಾಜಕೀಯಕ್ಕೂ ಬಂದರು. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಅವರ ನಿಲುವು ಅಂಬೇಡ್ಕರರದಕ್ಕಿಂತ ಬೇರೆಯಾಗಿತ್ತು. 1937ರಲ್ಲಿ ಮುಂಬಯಿಯ ಮೀಸಲು ಸ್ಥಾನಕ್ಕೆ ಕಾಂಗ್ರೆಸ್ ಅವರನ್ನು ಅದೇ ಅಂಬೇಡ್ಕರರ ಎದುರು ನಿಲ್ಲಿಸಿತು. ಅಂಬೇಡ್ಕರ್ 13,245 ಮತ ಪಡೆದು ಗೆದ್ದರು; ಬಾಳೂಗೆ 11,225. ಈ ಸ್ಪರ್ಧೆಯನ್ನು ದ್ರೋಹವೆಂದು ನೋಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಬ್ಬರು ಹಿಂದೂ ತಂಡದ ಒಳಗಿದ್ದುಕೊಂಡೇ ಜಾಗ ಕೇಳಿ ವರ್ಷಗಟ್ಟಲೆ ಕಾದವರು. ಇನ್ನೊಬ್ಬರು ಹಾಗೆ ಕಾಯುವುದರಲ್ಲಿ ಅರ್ಥವಿಲ್ಲ ಎಂದು ಕಂಡುಕೊಂಡವರು. ಬಾಳೂ ಅವರ ಬದುಕನ್ನು ಓದಿದರೆ ಅಂಬೇಡ್ಕರ್ ಯಾಕೆ ಹಾಗೆ ಕಂಡುಕೊಂಡರೆಂಬುದೂ ತಿಳಿಯುತ್ತದೆ.

1955ರ ಜುಲೈ 4ರಂದು ಬಾಳೂ ಮುಂಬಯಿಯಲ್ಲಿ ತೀರಿಕೊಂಡರು. ಅವರು ಆಡಿದ್ದು 33 ಪ್ರಥಮ ದರ್ಜೆ ಪಂದ್ಯ, ಪಡೆದದ್ದು 179 ವಿಕೆಟ್. ಭಾರತದ ಮೊದಲ ಟೆಸ್ಟ್ ನಡೆದದ್ದು 1932ರಲ್ಲಿ. ಹಾಗಾಗಿ ಟೆಸ್ಟ್ ದಾಖಲೆಗಳಲ್ಲಿ ಅವರ ಹೆಸರಿಲ್ಲ.

ಚರ್ಚ್‌ಗೇಟ್ ಲೋಕಲ್ ಚರ್ನಿ ರೋಡ್ ದಾಟಿ ಮರೀನ್ ಲೈನ್ಸ್ ಕಡೆಗೆ ಸಾಗುವಾಗ ಸಮುದ್ರದ ಬದಿಗೆ ಜಿಮ್ಖಾನಾಗಳ ಮೈದಾನಗಳು ಸಾಲಾಗಿ ಕಾಣುತ್ತವೆ. ಬಾಳೂ ಕೆಲಸ ಮಾಡಿದ ರೈಲ್ವೆಯ ಹಳಿಯೂ ಇದೇ. ಅನುವಾದದ ಕರಡನ್ನು ಕೊನೆಯ ಸಲ ತಿದ್ದಿದ್ದು ಆ ರೈಲಿನಲ್ಲಿ ಕೂತು. ‘ವೃತ್ತಿಪರ’ವನ್ನು ಎಲ್ಲ ಕಡೆ ಹೊಡೆದುಹಾಕಿ ‘ಸಂಬಳದ ಆಟಗಾರ’ ಎಂದು ಬರೆದೆ. ಕಿವಿಗೆ ಅಷ್ಟು ಇಂಪಲ್ಲ. ಆದರೆ ಅವರನ್ನು ಆಡಲು ಕರೆದವರ ಮನಸ್ಸಿನಲ್ಲಿ ಇದ್ದದ್ದು ಅದೇ.