ನೂರೆಂಟು ವರ್ಷಗಳ ನಿರೀಕ್ಷೆ

ಗೆದ್ದವರ ಚರಿತ್ರೆಯನ್ನು ಬರೆದವರು ಬಹುಮಂದಿ. ಸೋತವರ ಚರಿತ್ರೆಯನ್ನು ಬರೆದವರು ಕೆಲವರು. ಸೋತವರ ಬೆನ್ನಿಗೆ ನಿಂತವರ ಚರಿತ್ರೆಯನ್ನು ಬರೆದವರು ಬಹಳ ಕಡಮೆ. ಅಂಥವರನ್ನು ಕುರಿತು ಈ ಹೊತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ. ಅವರು ಅಮೆರಿಕದ ಷಿಕಾಗೋ ನಗರದ ಜನ. ಅವರ ಬೇಸ್‌ಬಾಲ್ ತಂಡದ ಹೆಸರು ಕಬ್ಸ್, ಎಂದರೆ ಮರಿಗಳು. ನಾನು ಆ ಆಟವನ್ನು ಆಡಿದವನಲ್ಲ, ಆ ಅಂಗಣವನ್ನು ಕಂಡವನೂ ಅಲ್ಲ. ಆದರೆ ಕಾಯುವುದೆಂದರೇನೆಂದು ಬಲ್ಲೆ. ಅಷ್ಟರ ಮಟ್ಟಿಗೆ ಅವರು ನನಗೆ ನೆಂಟರು.

1907 ಮತ್ತು 1908ರಲ್ಲಿ ಈ ತಂಡ ವರ್ಲ್ಡ್ ಸೀರೀಸ್ ಎಂಬ ಪರಮ ಸ್ಪರ್ಧೆಯನ್ನು ಗೆದ್ದುಕೊಂಡಿತು. ಆಮೇಲೆ 1910ರಿಂದ 1945ರ ವರೆಗೆ ಏಳು ಸಲ ಆ ಸ್ಪರ್ಧೆಯ ಬಾಗಿಲನ್ನು ದಾಟಿ, ಏಳು ಸಲವೂ ಸೋತಿತು. 1945ರಲ್ಲಿ ಬಿಲ್ಲಿ ಸಿಯಾನಿಸ್ ಎಂಬ ಪಾನಗೃಹದ ಮಾಲೀಕ ತನ್ನ ಮೇಕೆಯನ್ನು ಪಂದ್ಯಕ್ಕೆ ಕರೆತಂದನೆಂದೂ, ಅದನ್ನು ಹೊರಗೆ ಕಳಿಸಿದಾಗ ತಂಡವನ್ನು ಶಪಿಸಿದನೆಂದೂ ಕತೆ ಹುಟ್ಟಿತು. ಶಾಪದ ಕತೆ ಸೋಲಿಗೆ ಕಾರಣವಲ್ಲ, ಸೋಲಿಗೆ ಸಮಾಧಾನ.

ಕಾರಣಗಳು ಬೇರೆಯೇ ಇದ್ದುವು. ಚೂಯಿಂಗ್ ಗಮ್ ಉದ್ಯಮದ ಒಡೆಯ ಫಿಲಿಪ್ ರಿಗ್ಲಿ ಅಂಗಣವನ್ನು ಹಸುರು ಬಳ್ಳಿಗಳಿಂದ ಚೆಂದಗೊಳಿಸಿದ. ಎಳೆಯ ಆಟಗಾರರನ್ನು ಬೆಳೆಸುವುದರಲ್ಲಿ ಮಾತ್ರ ಹಿಂದುಳಿದ. 1961ರಲ್ಲಿ ಒಬ್ಬ ವ್ಯವಸ್ಥಾಪಕನ ಬದಲು ಹಲವು ತರಬೇತುದಾರರು ಸರದಿಯಂತೆ ಆಳುವ ಏರ್ಪಾಟು ಮಾಡಿದ. ಮರುವರ್ಷ ತಂಡ 103 ಪಂದ್ಯಗಳನ್ನು ಸೋತಿತು. ಇಂಥ ಕಾಲದಲ್ಲಿ ಆಡಿದವನು ಅರ್ನಿ ಬ್ಯಾಂಕ್ಸ್. 1953ರಿಂದ 1971ರ ವರೆಗೆ 2528 ಪಂದ್ಯಗಳನ್ನು ಆಡಿ 512 ಹೋಮ್ ರನ್ ಹೊಡೆದ ಆ ಧೀರ, ಅಂತಿಮ ಸುತ್ತಿನ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ.

ಸದಾ ಸೋಲುವ ತಂಡವನ್ನು ಮರೆಯಬಹುದು. ಗೆಲುವಿನ ಹೊಸ್ತಿಲಲ್ಲಿ ಎಡವುವ ತಂಡವನ್ನು ಮರೆಯುವುದು ಹೇಗೆ? 1969ರಲ್ಲಿ ಋತುವಿನ ಬಹುಭಾಗ ಮುಂದಿದ್ದು ಕೊನೆಗೆ ನ್ಯೂಯಾರ್ಕಿನ ಮೆಟ್ಸ್ ತಂಡಕ್ಕೆ ದಾರಿ ಬಿಟ್ಟಿತು. 1984ರಲ್ಲಿ ಐದು ಪಂದ್ಯಗಳ ಸರಣಿಯ ಮೊದಲೆರಡನ್ನು ಗೆದ್ದು ಉಳಿದ ಮೂರನ್ನೂ ಕಳೆದುಕೊಂಡಿತು. 2003ರಲ್ಲಿ ಇನ್ನೈದು ಮಂದಿ ಔಟಾಗಿದ್ದರೆ ವರ್ಲ್ಡ್ ಸೀರೀಸ್ ಸೇರುತ್ತಿತ್ತು. ಅದೇ ಇನಿಂಗ್ಸಿನಲ್ಲಿ ಎದುರಾಳಿಗಳು ಎಂಟು ರನ್ ಗಳಿಸಿದರು. ಪ್ರತಿ ಸಲವೂ ಜನ ಮಳೆ ಕೈಕೊಟ್ಟ ರೈತನಂತೆ, ‘ಬರುವ ವರ್ಷ ನೋಡೋಣ’ ಎಂದರು.

ಆ ವರ್ಷ ಬಂದದ್ದು 2016ರಲ್ಲಿ. ಕ್ಲೀವ್‌ಲ್ಯಾಂಡ್ ನಗರದಲ್ಲಿ ನಡೆದ ಏಳನೆಯ ಪಂದ್ಯದಲ್ಲಿ, ನಡುವೆ ಮಳೆ ಸುರಿದು ನಿಂತ ಮೇಲೆ, ಹತ್ತನೆಯ ಇನಿಂಗ್ಸಿನಲ್ಲಿ ಕಬ್ಸ್ 8-7ರಿಂದ ಗೆದ್ದಿತು. ಕಳೆದುಹೋಗಿದ್ದುದು 108 ವರ್ಷ. ನಮ್ಮ ನುಡಿಯಲ್ಲಿ ನೂರೆಂಟೆಂದರೆ ತಾಪತ್ರಯಗಳ ಲೆಕ್ಕವೂ ಹೌದು, ದೇವರ ನಾಮಾವಳಿಯ ಲೆಕ್ಕವೂ ಹೌದು.

ಅರ್ನಿ ಬ್ಯಾಂಕ್ಸ್ ಅದನ್ನು ನೋಡಲಿಲ್ಲ. 2015ರ ಜನವರಿಯಲ್ಲಿ ತೀರಿಕೊಂಡಿದ್ದ. ಷಿಕಾಗೋದ ಜನ ತಮ್ಮ ಅಂಗಣದ ಇಟ್ಟಿಗೆ ಗೋಡೆಯ ಬಳಿ ನೆರೆದು, ಗೆಲುವನ್ನು ಕಾಣದೆ ಹೋದ ತಂದೆತಾಯಿಗಳ, ಅಜ್ಜಂದಿರ ಹೆಸರುಗಳನ್ನು ಸೀಮೆಸುಣ್ಣದಲ್ಲಿ ಬರೆದರು. ದೂರದೂರಿನಿಂದ ಬಂದ ಮಗನೊಬ್ಬ ತಂದೆಯ ಸಮಾಧಿಯ ಪಕ್ಕದಲ್ಲಿ ಕುಳಿತು ಆ ಕೊನೆಯ ಪಂದ್ಯದ ಬಾನುಲಿ ವಿವರಣೆಯನ್ನು ಕೇಳಿದ.

ಸೀಮೆಸುಣ್ಣ ಒಂದು ಮಳೆಗೆ ಅಳಿಸಿಹೋಗುವ ವಸ್ತು. ಆದರೂ ಆ ಗೋಡೆಯ ಬರಹವನ್ನು ನಾನು ಯಾವ ವಿಜಯಶಾಸನಕ್ಕಿಂತಲೂ ಕಡಮೆಯೆಂದು ಎಣಿಸಲಾರೆ.