ಇಬ್ಬರಿಗೊಂದೇ ಸೈಕಲ್

ಹೋದ ಮಳೆಗಾಲದಲ್ಲಿ ಕರ್ಜತ್ ಹತ್ತಿರದ ಬಯಲೊಂದರಲ್ಲಿ ನಾನೂ ಕಾರ್ಕಳದ ಕಡೆಯ ಗೆಳೆಯನೂ ಜೋಡಿ ಓಟಕ್ಕೆ ಹೆಸರು ಕೊಟ್ಟಿದ್ದೆವು. ಇಬ್ಬರಿಗೂ ಸೇರಿ ಒಂದೇ ಸೈಕಲ್. ಒಬ್ಬ ತುಳಿಯುತ್ತ ಮುಂದೆ ಹೋಗುತ್ತಾನೆ, ಇನ್ನೊಬ್ಬ ಹಿಂದೆ ಓಡುತ್ತಾನೆ. ಅಡೆತಡೆ ಬಂದಲ್ಲಿ ಮೊದಲಿನವನು ಸೈಕಲ್ ಇಟ್ಟು, ಹಗ್ಗದ ಬಲೆಯನ್ನೋ ಮರದ ಗೋಡೆಯನ್ನೋ ಹತ್ತಿಳಿದು, ಓಡತೊಡಗಬೇಕು. ಹಿಂದಿನವನು ಬಂದು ತಾನೂ ಹತ್ತಿಳಿದು ಆ ಸೈಕಲ್ ಏರಬೇಕು. ಕೊನೆಯಲ್ಲಿ ಇಬ್ಬರೂ ಜೊತೆಯಾಗಿ ಕೆಸರುಹೊಂಡದಲ್ಲಿ ತೆವಳಬೇಕು.

ಎರಡನೇ ತಾಣದಲ್ಲಿ ನಾನು ನಾಲ್ಕು ಸೆಕೆಂಡು ಉಳಿಸುವ ಆಸೆಗೆ ಸೈಕಲ್ಲನ್ನು ನಿಲ್ಲಿಸಬೇಕಾದ ಜಾಗದಲ್ಲಿ ನಿಲ್ಲಿಸದೆ ಹುಲ್ಲಿನಲ್ಲಿ ಮಲಗಿಸಿ ಓಡಿದೆ. ಅವನು ಅದನ್ನು ಹುಡುಕುತ್ತ ಎಂಟು ನಿಮಿಷ ಕಳೆದ. ಕೆಸರಿನ ಅಂಚಿನಲ್ಲಿ ಕಾಯುತ್ತಿದ್ದ ನನ್ನ ಹತ್ತಿರ ಬಂದು ಕೇಳಿದ್ದು ಒಂದೇ ಮಾತು: "ಮಾರಾಯ, ಸೈಕಲ್ ಇಟ್ಟದ್ದಾ, ಬಿಸಾಡಿದ್ದಾ?"

ಆಫೀಸಿನಲ್ಲಿ ದಿನವೂ ಹ್ಯಾಂಡೋವರ್ ಬಗ್ಗೆ ಪಾಠ ಮಾಡುವವನು ನಾನು. ನಾಚಿಕೆಯಾಯಿತು. ಈ ಆಟ ಎಲ್ಲಿಂದ ಬಂತೆಂದು ಹುಡುಕತೊಡಗಿದ್ದು ಆಮೇಲೆ.

ಈಗಿನ ರೂಪಕ್ಕೆ ವಯಸ್ಸು ಹೆಚ್ಚಿಲ್ಲ. ಬಾಬ್ ಬ್ಯಾಬಿಟ್ ಎಂಬ ಅಮೆರಿಕದ ಕ್ರೀಡಾ ಪತ್ರಕರ್ತ 1999ರಲ್ಲಿ 'ಮಡ್ಡಿ ಬಡ್ಡಿ' ಎಂಬ ಹೆಸರಿನಲ್ಲಿ ಇದನ್ನು ಶುರುಮಾಡಿದ. ಅವನಿಗೆ ಮಾದರಿಯಾಗಿದ್ದದ್ದು 'ರೈಡ್ ಅಂಡ್ ಟೈ' ಎಂಬ ಇನ್ನೊಂದು ಸ್ಪರ್ಧೆ: ಇಬ್ಬರು ಮನುಷ್ಯರು, ಒಂದು ಕುದುರೆ. ಅದನ್ನು 1971ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟುಹಾಕಿದ್ದು ಲೀವೈಸ್ ಜೀನ್ಸ್ ಕಂಪನಿಯ ಬಡ್ ಜಾನ್ಸ್. ಕುದುರೆಯ ಜಾಗಕ್ಕೆ ಸೈಕಲ್ ಬಂತು, ಅಷ್ಟೆ. ಗೋಡೆ, ಬಲೆ, ಹೊಂಡಗಳು ಸೈನಿಕ ತರಬೇತಿಯ ಬಯಲಿನಿಂದ ಬಂದವು. ಇಂಗ್ಲೆಂಡಿನಲ್ಲಿ 1987ರಲ್ಲಿ ಶುರುವಾದ 'ಟಫ್ ಗೈ' ಅವನ್ನು ಸಾಮಾನ್ಯರ ಭಾನುವಾರದ ಹುಚ್ಚಾಗಿ ಮಾಡಿತ್ತು.

ಕುದುರೆ ಹಂಚಿಕೊಳ್ಳುವುದು ಮೊದಲು ಆಟವಾಗಿರಲಿಲ್ಲ, ಬಡವರ ಪ್ರಯಾಣದ ಉಪಾಯವಾಗಿತ್ತು. ಲೆಕ್ಕ ಸರಳ. ಹತ್ತು ಕಿಲೋಮೀಟರ್ ದಾರಿ, ನಡೆದರೆ ಗಂಟೆಗೆ ಐದು, ಕುದುರೆಯ ಮೇಲೆ ಹತ್ತು ಎನ್ನಿ. ಇಬ್ಬರೂ ನಡೆದರೆ ಎರಡು ಗಂಟೆ. ಅರ್ಧ ದಾರಿ ನಡೆದು ಅರ್ಧ ದಾರಿ ಸವಾರಿ ಮಾಡಿದರೆ ಇಬ್ಬರಿಗೂ ಒಂದೂವರೆ ಗಂಟೆ. ಮರಕ್ಕೆ ಕಟ್ಟಿಸಿಕೊಂಡು ನಿಂತಿರುವಾಗ ಕುದುರೆಗೂ ಒಂದಿಷ್ಟು ಹುಲ್ಲು, ವಿಶ್ರಾಂತಿ. ಮುಂದೆ ಇಂಗ್ಲಿಷ್ ನಿಘಂಟು ಬರೆದು ಹೆಸರಾದ ಸ್ಯಾಮ್ಯುಯೆಲ್ ಜಾನ್ಸನ್ 1737ರಲ್ಲಿ ಲಿಚ್‌ಫೀಲ್ಡಿನಿಂದ ಲಂಡನ್ನಿಗೆ ಹೊಟ್ಟೆಪಾಡು ಹುಡುಕಿಕೊಂಡು ಹೊರಟಾಗ ಜೊತೆಗಿದ್ದವನು ಶಿಷ್ಯ ಡೇವಿಡ್ ಗ್ಯಾರಿಕ್, ಮುಂದೆ ಮಹಾನಟನಾದವನು. ಇಬ್ಬರ ನಡುವೆ ಒಂದೇ ಕುದುರೆ ಇತ್ತೆಂಬುದು ಪ್ರತೀತಿ. ದಾರಿ ಸುಮಾರು 190 ಕಿ.ಮೀ. ಊರು ಬಿಟ್ಟು ಮಹಾನಗರಕ್ಕೆ ಬಂದ ನಮ್ಮಂಥವರಿಗೆ ಈ ಚಿತ್ರ ಬೇಗ ಅರ್ಥವಾಗುತ್ತದೆ. ದಾದರ್ ಸ್ಟೇಷನ್ನಿನಲ್ಲಿ ಇಳಿದು, ಒಂದೇ ಕೋಣೆಯಲ್ಲಿ ಪಾಳಿಯ ಮೇಲೆ ಮಲಗಿ ಎದ್ದವರ ಕಥೆಗಳನ್ನು ನಾವೂ ಕೇಳಿದ್ದೇವೆ.

ಆದರೆ ಲೆಕ್ಕದಲ್ಲಿ ಬಾರದ ಒಂದು ಸಂಗತಿ ಇದೆ. ಹೆನ್ರಿ ಫೀಲ್ಡಿಂಗ್ 1742ರ ತನ್ನ 'ಜೋಸೆಫ್ ಆಂಡ್ರ್ಯೂಸ್' ಕಾದಂಬರಿಯಲ್ಲಿ ಈ ಪದ್ಧತಿಯನ್ನು ವಿವರಿಸುತ್ತಾನೆ. ಪಾದ್ರಿ ಆಡಮ್ಸ್ ಮತ್ತು ಜೋಸೆಫ್ ಕುದುರೆ ಹಂಚಿಕೊಂಡು ಹೊರಡುವವರು. ನಡೆಯುವ ಸರದಿ ಹಿಡಿದ ಆಡಮ್ಸ್ ಮುಂದೆ ಹೋಗಿಬಿಟ್ಟ. ಕುದುರೆಯ ಮೇವಿನ ಬಾಕಿ ಕೊಡುವುದನ್ನು ಮಾತ್ರ ಮರೆತಿದ್ದ. ಛತ್ರದವರು ಕುದುರೆ ಬಿಡಲಿಲ್ಲ, ಜೋಸೆಫನ ಜೇಬಿನಲ್ಲಿ ಕಾಸಿಲ್ಲ. ಓದಿ ನಗು ಬಂತು, ಸ್ವಲ್ಪ ಸಮಾಧಾನವೂ ಆಯಿತು. ಮುಂದೆ ಹೋದವನ ಮರೆವಿಗೆ ಹಿಂದಿನವನು ಬೆಲೆ ತೆರುವುದು ಈ ಪದ್ಧತಿಯಷ್ಟೇ ಹಳೆಯದು.

ನಮ್ಮ ಮುಂಬಯಿಗೂ ಸೈಕಲ್ ಹಾಗೂ ಜೊತೆಗಾರಿಕೆಯ ದೊಡ್ಡ ಚರಿತ್ರೆ ಇದೆ. 1923ರ ಅಕ್ಟೋಬರ್ 15ರಂದು ಆರು ಪಾರ್ಸಿ ತರುಣರು ಇಲ್ಲಿಂದ ಸೈಕಲ್ ಮೇಲೆ ಲೋಕ ಸುತ್ತಲು ಹೊರಟರು. 1928ರ ಮಾರ್ಚ್‌ನಲ್ಲಿ ಸುಮಾರು 71,000 ಕಿ.ಮೀ. ಮುಗಿಸಿದವರು ಮೂವರೇ: ಆದಿ ಹಕೀಂ, ಜಾಲ್ ಬಾಪಸೋಲ, ರುಸ್ತುಂ ಭೂಮಗಾರ. ಅವರ ಪುಸ್ತಕಕ್ಕೆ ಜವಾಹರಲಾಲ್ ನೆಹರೂ ಮುನ್ನುಡಿ ಬರೆದರು. ನನಗೆ ಹೆಚ್ಚು ಹಿಡಿಸಿದ್ದು ಫ್ರಾಮ್ರೋಜ್ ದಾವರ್ ಕಥೆ. ಆತ 1924ರಲ್ಲಿ ಒಂಟಿಯಾಗಿ ಹೊರಟ. ವಿಯೆನ್ನಾದಲ್ಲಿ ಗುಸ್ತಾವ್ ಸ್ತಾವ್‌ಯಾನಿಕ್ ಎಂಬ ಸೈಕಲ್ ಸವಾರ ಸಿಕ್ಕ. ಭಾಷೆ ಬೇರೆ, ದೇಶ ಬೇರೆ. ಆದರೂ ಇಬ್ಬರೂ ಜೊತೆಯಾಗಿ ಸಹರಾ ದಾಟಿದರು, ಆಂಡೀಸ್ ಹತ್ತಿದರು, ಅಮೆಜಾನ್ ಕಾಡು ಹೊಕ್ಕರು. ದಾವರ್ ಮುಂಬಯಿಗೆ ಮರಳಿದ್ದು 1931ರಲ್ಲಿ. ಅವರ ಬಳಿ ಎರಡು ಸೈಕಲ್ ಇದ್ದವು, ನಿಜ. ಆದರೆ ಮರಳಿನಲ್ಲಿ ತುಳಿದದ್ದಕ್ಕಿಂತ ನೂಕಿದ್ದು, ಹೊತ್ತದ್ದು ಹೆಚ್ಚಿರಲೇಬೇಕು. ಆರು ಜನ ಹೊರಟು ಮೂವರಾದರು, ಒಬ್ಬ ಹೊರಟು ಇಬ್ಬರಾದರು. ಇದರಲ್ಲಿ ಯಾವುದು ಕಷ್ಟ ಎಂಬುದು ನನಗಿನ್ನೂ ಬಗೆಹರಿದಿಲ್ಲ.

2004ರಲ್ಲಿ ಮುಂಬಯಿ ಮ್ಯಾರಥಾನ್ ಶುರುವಾದ ಮೇಲೆ ಈ ನಗರದ ಆಫೀಸಿನವರು ಓಡುವುದನ್ನು ಕಲಿತರು. ಅಡೆತಡೆಯ ಓಟಗಳು ಆಮೇಲೆ ಬಂದವು. ದುಡ್ಡು ಕೊಟ್ಟು ಕೆಸರಿನಲ್ಲಿ ಹೊರಳುವುದನ್ನು ನೋಡಿ ನಮ್ಮ ಧಾರವಾಡದ ಕಡೆಯ ಹಿರಿಯರು ನಕ್ಕಾರು. ಕರಾವಳಿಯವರಿಗೆ ಮಾತ್ರ ಇದು ಹೊಸತಲ್ಲ. ತುಳುನಾಡಿನ 'ಕೆಸರ್ಡ್ ಒಂಜಿ ದಿನ'ಕ್ಕೆ ಮುಂಬಯಿಯಿಂದ ಊರಿಗೆ ಹೋಗಿ ಗದ್ದೆಗಿಳಿಯುವವರಿದ್ದಾರೆ. ಕೊನೆಯ ಹೊಂಡದಲ್ಲಿ ನನ್ನ ಗೆಳೆಯ ಮೊಣಕೈ ಊರಿ ಸರಸರನೆ ಸಾಗಿದ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ನಾನು ನಡುವೆ ಸಿಕ್ಕಿಕೊಂಡಾಗ ಹಿಂದೆ ತಿರುಗಿ ಅಂಗಿಯ ಕಾಲರ್ ಹಿಡಿದು ಎಳೆದ. ಗೆರೆ ಮುಟ್ಟುವಾಗ ನಮ್ಮ ಹಿಂದೆ ಮೂರೇ ಜೋಡಿಗಳಿದ್ದವು.

ಮೊನ್ನೆ ಅವನೇ ಫೋನ್ ಮಾಡಿದ. ಈ ಸಲದ ಓಟಕ್ಕೂ ನಮ್ಮಿಬ್ಬರ ಹೆಸರು ಕೊಟ್ಟಿದ್ದಾನಂತೆ. "ಮೊದಲು ಸೈಕಲ್ ನನ್ನದು," ಎಂದ. "ಎಲ್ಲಿ ಇಡಬೇಕು ಅಂತ ನೋಡಿಕೋ."