ಹಾವೇರಿ ಸೀಮೆಯ ಗಾಜಿನ ಬಾಟಲಿ: ಮರುಬಳಕೆಯ ಚರಿತ್ರೆ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಪೇಟೆಯ ಮಾತು ಬಂದಾಗ ಏಲಕ್ಕಿ ಹಾರ, ಮೆಣಸಿನಕಾಯಿ, ಹತ್ತಿ ನೆನಪಾಗುತ್ತವೆ. ಅದೇ ಪೇಟೆಯಲ್ಲಿ ಕೈಯಿಂದ ಕೈಗೆ ಓಡಾಡಿದ ಗಾಜಿನ ಬಾಟಲಿಯತ್ತ ಯಾರ ಗಮನವೂ ಹೆಚ್ಚು ಹರಿದಿಲ್ಲ. ಇಲ್ಲಿ ಬಾಟಲಿ ಮತ್ತೆ ಮತ್ತೆ ಬಳಕೆಯಾದದ್ದಕ್ಕೆ ಬಡತನವೊಂದೇ ಕಾರಣವಲ್ಲ. ಬಾಟಲಿಯ ಒಡೆಯ ಕುಡಿಯುವವನಲ್ಲ, ಮಾರುವವನಾಗಿದ್ದ ಎಂಬುದೇ ಮುಖ್ಯ ಕಾರಣ.

ಗಾಜಿನ ಕಸುಬು ಈ ಭಾಗಕ್ಕೆ ತೀರಾ ಅಪರಿಚಿತವಾಗಿರಲಿಲ್ಲ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಈಗಿನ ಹೊಸದುರ್ಗ ತಾಲೂಕಿನ ಮತ್ತೋಡಿನ ಗಾಜಿನ ಕುಲುಮೆಗಳನ್ನು ಬಣ್ಣಿಸಿದ್ದಾನೆ. ಆದರೆ ಅಲ್ಲಿ ತಯಾರಾಗುತ್ತಿದ್ದದ್ದು ಬಳೆ. ಮುಂಬೈ ಪ್ರಾಂತದ ಸ್ವದೇಶಿ ಗಾಜಿನ ಕಾರ್ಖಾನೆಗಳಾದ ತಳೇಗಾವಿನ ಪೈಸಾ ಫಂಡ್ (1908), ಕರಾಡದ ಬಳಿಯ ಓಗಲೆವಾಡಿ (1916) ಎರಡೂ ಇಲ್ಲಿಗೆ ದೂರ. ದೂರದಿಂದ ಬಂದ, ಒಡೆಯುವ ಸರಕನ್ನು ಒಂದೇ ಸಲ ಬಳಸಿ ಎಸೆಯುವುದು ಯಾವ ವ್ಯಾಪಾರಿಗೂ ಕಟ್ಟುತ್ತಿರಲಿಲ್ಲ.

ಈ ಲೆಕ್ಕಾಚಾರ ಎದ್ದು ಕಾಣುವುದು ಗೋಲಿ ಸೋಡಾದಲ್ಲಿ. ಇಂಗ್ಲೆಂಡಿನ ಹಿರಾಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಇದು. ಕೊರಳಿನಲ್ಲಿ ಒಂದು ಗೋಲಿ, ಬಾಯಿಯ ಒಳಗೆ ರಬ್ಬರ್ ಉಂಗುರ. ಸೋಡಾ ತುಂಬುವಾಗ ಬಾಟಲಿಯನ್ನು ತಲೆಕೆಳಗು ಮಾಡುತ್ತಾರೆ. ಗೋಲಿ ಜಾರಿ ಉಂಗುರಕ್ಕೆ ಒರಗುತ್ತದೆ, ಒಳಗಿನ ಅನಿಲದ ಒತ್ತಡ ಅದನ್ನು ಅಲ್ಲೇ ಬಿಗಿಹಿಡಿಯುತ್ತದೆ. ಹೆಬ್ಬೆರಳಿನಿಂದಲೋ ಮರದ ಗುಂಡಿಯಿಂದಲೋ ಒತ್ತಿದರೆ ಕೀಂಯ್ ಎಂದು ತೆರೆದುಕೊಳ್ಳುತ್ತದೆ. ಬಾಟಲಿ ಬಗ್ಗಿಸಿದಾಗ ಗೋಲಿ ಅಡ್ಡ ಬರದಂತೆ ಕೊರಳಿನಲ್ಲೇ ತಗ್ಗುಗಳಿವೆ. ಬಿರಡೆ ಬೇಡ, ಮುಚ್ಚಳ ಬೇಡ. ಉಂಗುರ ಸವೆದರೆ ಉಂಗುರ ಬದಲಿಸಿದರಾಯಿತು. ತುಂಬುವ ಯಂತ್ರವಿಲ್ಲದ ಮನೆಯಲ್ಲಿ ಈ ಬಾಟಲಿಗೆ ಕೆಲಸವೂ ಇಲ್ಲ. ಹೀಗಾಗಿ ಮಿರ್ಚಿ, ಗಿರ್ಮಿಟ್ ತಿಂದವರು ಅಂಗಡಿಯ ಮುಂದೆಯೇ ನಿಂತು ಸೋಡಾ ಕುಡಿದು ಬಾಟಲಿ ಹಿಂತಿರುಗಿಸುತ್ತಿದ್ದರು. ಹುಡುಗರ ಕೈಗೆ ಗೋಲಿ ಸಿಗುತ್ತಿದ್ದದ್ದು ಬಾಟಲಿ ಒಡೆದಾಗ ಮಾತ್ರ.

ಉಳಿದ ಬಾಟಲಿಗಳೂ ಸುಮ್ಮನೆ ಕೂರಲಿಲ್ಲ. ಸರ್ಕಾರಿ ದವಾಖಾನೆಗೆ ಹೋಗುವವರು ಔಷಧಕ್ಕೆ ಬಾಟಲಿ ತಾವೇ ಒಯ್ಯುತ್ತಿದ್ದರು; ಕಂಪೌಂಡರ್ ಅದರ ಮೈಗೆ ಅಳತೆಯ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ. ಮಸಿಯ ಬಾಟಲಿ ಮುಚ್ಚಳಕ್ಕೆ ತೂತು ಕೊರೆದು ಬತ್ತಿ ಇಳಿಸಿದರೆ ಚಿಮಣಿ ಬುಡ್ಡಿ ಸಿದ್ಧ. ಮನೆಗೆ ಬೇಡವಾದದ್ದು ರದ್ದಿಯವನ ಸೈಕಲ್ ಏರುತ್ತಿತ್ತು. ಇಡೀ ಬಾಟಲಿ ಮತ್ತೆ ತುಂಬುವವರ ಕಡೆಗೆ, ಒಡೆದದ್ದು ಕುಲುಮೆಗೆ. ಒಡೆದ ಗಾಜು ಬೆರೆಸಿದರೆ ಹೊಸ ಗಾಜು ಕಡಿಮೆ ಕಾವಿನಲ್ಲಿ ಕರಗುತ್ತದೆ, ನಿಜ. ಆದರೂ ಕರಗಿಸುವುದಕ್ಕಿಂತ ತೊಳೆದು ತುಂಬುವುದೇ ಮೇಲು. ಕುಲುಮೆಯ ಬೆಂಕಿಯೇ ಉಳಿಯುತ್ತದೆ.

ಪ್ಲಾಸ್ಟಿಕ್ ಬಾಟಲಿ ಬಂದ ಮೇಲೆ ಈ ಕೊಂಡಿ ಕಳಚಿತು. ಬಾಟಲಿಯ ಬೆಲೆ ಸರಕಿನ ಬೆಲೆಯಲ್ಲೇ ಕರಗಿಹೋದದ್ದರಿಂದ ಅದನ್ನು ಮರಳಿ ಕೇಳುವವರು ಉಳಿಯಲಿಲ್ಲ. ಖಾಲಿ ಬಾಟಲಿಗೆ ಬಣ್ಣ ಬಳಿದು ಹೂದಾನಿ ಮಾಡುವುದು ಚೆಂದವೇ, ಆದರೆ ಒಂದು ಮನೆಗೆ ಎಷ್ಟು ಹೂದಾನಿ ಬೇಕು? ಪರಿಹಾರ ಇರುವುದು ಠೇವಣಿಯಲ್ಲಿ. ತಮಿಳುನಾಡು 2022ರಲ್ಲಿ ನೀಲಗಿರಿ ಜಿಲ್ಲೆಯಲ್ಲಿ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚುವರಿ ಪಡೆದು, ಖಾಲಿ ಬಾಟಲಿ ತಂದವರಿಗೆ ಹಿಂತಿರುಗಿಸುವ ವ್ಯವಸ್ಥೆ ಜಾರಿಗೆ ತಂದಿತು. ಕರ್ನಾಟಕದಲ್ಲೂ ಮದ್ಯದ ಸಗಟು ಮಾರಾಟ ಸರ್ಕಾರಿ ನಿಗಮದ ಕೈಯಲ್ಲೇ ಇದೆ. ಬಾಟಲಿ ಮರಳಿಸುವ ರೂಢಿ ಇದ್ದ ಹಾವೇರಿ ಜಿಲ್ಲೆಯಿಂದಲೇ ಸರ್ಕಾರ ಇದನ್ನು ಆರಂಭಿಸಲಿ.